ಸಹಬರಹಗಾರರ ಜೊತೆಗೂಡಿ ಕನ್ನಡದಲ್ಲಿ ಸ್ವತಂತ್ರ ಬರವಣಿಗೆಯ ವೃತ್ತಿ ಕಟ್ಟಿಕೊಳ್ಳುವ ಬಗೆ

ಯಾವ ಸಂಸ್ಥೆಯ ನೌಕರಿಯೂ ಇಲ್ಲದೆ ಕನ್ನಡ ಬರವಣಿಗೆಯಿಂದಲೇ ಮನೆ ನಡೆಸಬೇಕೆಂದು ಹೊರಡುವವರು ಮೊದಲು ತಿಳಿದಿರಬೇಕಾದದ್ದು, ಹೆಸರು ತರುವ ಬರವಣಿಗೆ ಮತ್ತು ಹಣ ತರುವ ಬರವಣಿಗೆ ಬಹುಮಟ್ಟಿಗೆ ಬೇರೆ ಬೇರೆ ಎಂಬುದನ್ನು. ಭಾನುವಾರದ ಪುರವಣಿಯಲ್ಲಿ ಪ್ರಬಂಧವೋ, ಸುಧಾ, ತರಂಗ, ಮಯೂರದಂಥ ನಿಯತಕಾಲಿಕೆಗಳಲ್ಲಿ ಕಥೆಯೋ, ದೀಪಾವಳಿ ವಿಶೇಷಾಂಕದಲ್ಲಿ ಲೇಖನವೋ ಪ್ರಕಟವಾದರೆ ಓದುಗರು ಗುರುತಿಸುತ್ತಾರೆ. ಆದರೆ ಆ ಸಂಭಾವನೆಯನ್ನೇ ನೆಚ್ಚಿಕೊಂಡು ತಿಂಗಳ ಬಾಡಿಗೆ ಕಟ್ಟುವುದು ಕಷ್ಟ. ಬಾಡಿಗೆಗೆ ಒದಗುವ ಕೆಲಸಗಳೆಂದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವ ಅನುವಾದ, ಜಾಹೀರಾತಿನ ಬರಹ, ಬ್ಯಾಂಕು ಮತ್ತು ಆ್ಯಪ್‌ಗಳ ಕನ್ನಡ ಪಠ್ಯ, ಸಿನಿಮಾಗಳ ಸಬ್‌ಟೈಟಲ್, ಧಾರಾವಾಹಿಯ ಸಂಭಾಷಣೆ, ಆಡಿಯೋ ಕಥೆಗಳ ಎಪಿಸೋಡು, ಸ್ವಯಂಸೇವಾ ಸಂಸ್ಥೆಗಳ ತರಬೇತಿ ಕೈಪಿಡಿ, ಶಾಲೆ, ಸಹಕಾರ ಸಂಘಗಳ ಸ್ಮರಣ ಸಂಚಿಕೆ ಮುಂತಾದವು. ಇವುಗಳ ಜೊತೆಗೆ ಡಬ್ಬಿಂಗ್ ಈಗ ದೊಡ್ಡ ಕ್ಷೇತ್ರವಾಗಿ ಬೆಳೆದಿದೆ. ಚಿತ್ರರಂಗವೇ ದಶಕಗಳ ಕಾಲ ತಡೆದಿಟ್ಟಿದ್ದ ಡಬ್ಬಿಂಗ್, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ನೀಡಿದ ಬಳಿಕ ನಿಧಾನವಾಗಿ ತೆರೆದುಕೊಂಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡದಲ್ಲಿ ಮಾತನಾಡತೊಡಗಿದ ಮೇಲೆ ಅದಕ್ಕೆ ಬರೆಯುವವರ ಬೇಡಿಕೆಯೂ ಹೆಚ್ಚಿತು.

ಇಂಥ ಕೆಲಸಗಳಿಗೆ ಪತ್ರಿಕೆಯಲ್ಲಿ ಪ್ರಕಟಣೆ ಬರುವುದು ಅಪರೂಪ. ಅನುವಾದ ಸಂಸ್ಥೆಯ ಸಂಯೋಜಕರು ತಮಗೆ ಪರಿಚಯವಿರುವ ಒಬ್ಬ ಅನುವಾದಕಿಗೆ ಫೋನ್ ಮಾಡುತ್ತಾರೆ, ಆಕೆಗೆ ಬಿಡುವಿಲ್ಲದಿದ್ದರೆ ‘ನಿಮಗೆ ಗೊತ್ತಿರುವವರು ಇನ್ಯಾರಾದರೂ ಇದ್ದಾರೆಯೇ’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಯಾರ ಹೆಸರು ಬಾಯಿಗೆ ಬರುತ್ತದೋ ಅವರಿಗೆ ಕೆಲಸ ಸಿಗುತ್ತದೆ. ಆದ್ದರಿಂದ ಕನ್ನಡದ ಸ್ವತಂತ್ರ ಬರಹಗಾರರಿಗೆ ಜೊತೆಯ ಬರಹಗಾರರೇ ಮಾರುಕಟ್ಟೆಯ ಬಾಗಿಲು. ಈ ಸಂಬಂಧವನ್ನು ಆಕಸ್ಮಿಕ ಪರಿಚಯಗಳಿಗೆ ಬಿಡದೆ, ಯೋಚಿಸಿ, ನಿಯಮ ಹಾಕಿಕೊಂಡು, ವರ್ಷಗಟ್ಟಲೆ ಉಳಿಯುವಂತೆ ಕಟ್ಟುವುದು ಹೇಗೆಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಬಳಗವನ್ನು ಸೇರಿಸುವುದು

ಬರಹಗಾರರು ಒಬ್ಬರಿಗೊಬ್ಬರು ಒತ್ತಾಸೆಯಾಗಿ ನಿಲ್ಲುವುದು ನಮಗೆ ಹೊಸದಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ್ದ ಗೆಳೆಯರ ಗುಂಪು ಕವಿತೆ ಓದುವುದರ ಜೊತೆಗೆ ಪ್ರಕಟಣೆಯನ್ನೂ ಕೈಗೆತ್ತಿಕೊಂಡಿತ್ತು. ಅದೇ ಊರಿನಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆಯ ಅಟ್ಟ, ಹಸ್ತಪ್ರತಿಗಳ ಬಗ್ಗೆ ನಿಷ್ಠುರವಾಗಿ ಚರ್ಚೆ ನಡೆಯುವ ಜಾಗವಾಗಿತ್ತು. ಕರ್ನಾಟಕ ಲೇಖಕಿಯರ ಸಂಘ 1979ರಲ್ಲಿ ಹುಟ್ಟಿದ್ದೂ ಒಬ್ಬೊಬ್ಬರೇ ಬರೆಯುತ್ತಿದ್ದ ಹೆಣ್ಣುಮಕ್ಕಳಿಗೆ ಒಂದು ನೆಲೆ ಬೇಕೆಂಬ ಕಾರಣಕ್ಕೆ. ಈ ಪರಂಪರೆಗೆ ನಾವು ಇಂದು ಸೇರಿಸಬೇಕಾದದ್ದು ಹಣಕಾಸಿನ ಮಾತನ್ನು. ಸಾಹಿತ್ಯದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು, ಈ ಕೆಲಸಕ್ಕೆ ನಿನಗೆ ಎಷ್ಟು ಕೊಟ್ಟರು ಎಂದು ಕೇಳಲು ಸಂಕೋಚಪಡುತ್ತೇವೆ. ಆ ಸಂಕೋಚದಿಂದ ಲಾಭವಾಗುವುದು ಕಡಿಮೆ ಕೊಡುವವರಿಗೆ ಮಾತ್ರ.

ಆರಂಭಕ್ಕೆ ನಾಲ್ಕೈದು ಜನ ಸಾಕು. ನೂರು ಜನರಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಹಂಚಬಹುದೇ ಹೊರತು ತನ್ನ ಕರಡನ್ನೂ ತನ್ನ ಗಳಿಕೆಯನ್ನೂ ಯಾರೂ ತೆರೆದಿಡುವುದಿಲ್ಲ. ನಾಲ್ಕೈದು ಜನರೂ ಒಂದೇ ಬಗೆಯ ಕೆಲಸ ಮಾಡುವವರಾದರೆ ಒಂದೇ ಕೆಲಸಕ್ಕೆ ಎಲ್ಲರೂ ಕೈಚಾಚಬೇಕಾಗುತ್ತದೆ; ಆದ್ದರಿಂದ ಒಬ್ಬರು ಅನುವಾದ, ಇನ್ನೊಬ್ಬರು ಧಾರಾವಾಹಿ ಅಥವಾ ಡಬ್ಬಿಂಗ್, ಮತ್ತೊಬ್ಬರು ಜಾಹೀರಾತು, ಮಗದೊಬ್ಬರು ಪತ್ರಿಕಾ ಬರವಣಿಗೆ ಅಥವಾ ಪುಸ್ತಕ ಸಂಪಾದನೆಯಲ್ಲಿ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಊರುಗಳೂ ಬೇರೆಯಾಗಿರಲಿ. ಕಲಬುರಗಿಯವರೊಬ್ಬರು, ಮಂಗಳೂರಿನವರೊಬ್ಬರು, ಮಂಡ್ಯದ ಕಡೆಯವರೊಬ್ಬರು ಬಳಗದಲ್ಲಿದ್ದರೆ ಸಂಭಾಷಣೆ ಬರೆಯುವಾಗ ಅದರ ಬೆಲೆ ತಿಳಿಯುತ್ತದೆ. ಉತ್ತರ ಕರ್ನಾಟಕದ ಪಾತ್ರದ ಬಾಯಲ್ಲಿ ಪ್ರತಿ ವಾಕ್ಯದ ಕೊನೆಗೂ ಒಂದು ‘ರೀ’ ಸೇರಿಸಿದರೆ ಅದು ಆ ಸೀಮೆಯ ಮಾತಾಗುವುದಿಲ್ಲವೆಂದು, ಧಾರವಾಡದ ಮಾತು ಬೇರೆ, ಬೀದರಿನ ಮಾತು ಬೇರೆಯೆಂದು ಹೇಳಬಲ್ಲವರು ಆ ಸೀಮೆಯವರೇ.

ಇಂಥವರನ್ನು ಹುಡುಕುವುದೆಲ್ಲಿ ಎಂಬುದಕ್ಕೆ ಉತ್ತರ ಸರಳ: ಬರೆಯುವವರು ಕೆಲಸ ಮಾಡುತ್ತ ಸೇರುವ ಕಡೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ನಡೆಸುವ ಸಂಸ್ಕೃತಿ ಶಿಬಿರ, ಕಥಾ ಕಮ್ಮಟಗಳು, ಅನುವಾದ ಕಾರ್ಯಾಗಾರಗಳು, ಕನ್ನಡ ವಿಕಿಪೀಡಿಯದ ಸಂಪಾದನೋತ್ಸವಗಳು ಇದಕ್ಕೆ ಸೂಕ್ತ. ಸಾಹಿತ್ಯ ಸಮ್ಮೇಳನದ ಜನಜಂಗುಳಿಯಲ್ಲಿ ಪರಿಚಯವಾಗುತ್ತದೆ, ಆದರೆ ಒಬ್ಬರ ಕೆಲಸದ ಶಿಸ್ತು ಅಲ್ಲಿ ತಿಳಿಯುವುದಿಲ್ಲ. ಕಮ್ಮಟದಲ್ಲಿ ಎರಡು ದಿನ ಜೊತೆಗೆ ಕುಳಿತು ಬರೆದರೆ ಯಾರು ಹೇಳಿದ ಸಮಯಕ್ಕೆ ಮುಗಿಸುತ್ತಾರೆ, ಯಾರು ಟೀಕೆಯನ್ನು ಕೇಳಿಸಿಕೊಳ್ಳುತ್ತಾರೆ, ಯಾರು ಇನ್ನೊಬ್ಬರ ಬರಹವನ್ನು ಗಮನವಿಟ್ಟು ಓದುತ್ತಾರೆ ಎಂಬುದು ಗೊತ್ತಾಗುತ್ತದೆ. ನಾನಾದರೆ ಈ ಕೊನೆಯ ಗುಣಕ್ಕೆ ಎಲ್ಲಕ್ಕಿಂತ ಹೆಚ್ಚಿನ ತೂಕ ಕೊಡುತ್ತೇನೆ.

ದರದ ಪಟ್ಟಿ

ಬಳಗ ಸೇರಿದ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ಎಲ್ಲರೂ ನೋಡಬಹುದಾದ, ಹೊರಗಿನವರು ನೋಡಲಾಗದ ಒಂದು ಪಟ್ಟಿಯನ್ನು ತೆರೆಯುವುದು. ಕಳೆದ ಒಂದು ವರ್ಷದಲ್ಲಿ ಪ್ರತಿಯೊಬ್ಬರೂ ಮಾಡಿದ ಪ್ರತಿ ಕೆಲಸವನ್ನೂ ಅದರಲ್ಲಿ ಬರೆಯಬೇಕು: ಕೆಲಸದ ಬಗೆ, ಕೊಟ್ಟ ದರ, ದರದ ಲೆಕ್ಕ ಪದಕ್ಕೋ ಪುಟಕ್ಕೋ ನಿಮಿಷಕ್ಕೋ ಎಪಿಸೋಡಿಗೋ, ಎಷ್ಟು ಸಲ ತಿದ್ದಿಸಿದರು, ಬಿಲ್ಲು ಕೊಟ್ಟ ಎಷ್ಟು ದಿನಕ್ಕೆ ಹಣ ಬಂತು, ಹೆಸರು ಹಾಕಿದರೋ ಇಲ್ಲವೋ, ಹಕ್ಕು ಯಾರ ಬಳಿ ಉಳಿಯಿತು. ಇವುಗಳ ಜೊತೆಗೆ ಆ ಕೆಲಸಕ್ಕೆ ನಿಜವಾಗಿ ಹಿಡಿದ ಗಂಟೆಗಳನ್ನೂ ಬರೆದರೆ, ಹೆಚ್ಚು ಹಣದ್ದೆಂದು ತೋರಿದ ಕೆಲಸ ಗಂಟೆಯ ಲೆಕ್ಕದಲ್ಲಿ ಕಡಿಮೆಯದ್ದಾಗಿರುವುದು ಹಲವು ಸಲ ಕಣ್ಣಿಗೆ ಬೀಳುತ್ತದೆ. ಒಂದು ಉದಾಹರಣೆ ನೋಡಿ. ಒಂದು ಕಿರುಹೊತ್ತಗೆಯ ಅನುವಾದಕ್ಕೆ 12,000 ರೂಪಾಯಿ ಒಪ್ಪಿಕೊಂಡು, ಮೊದಲ ಕರಡಿಗೆ 30 ಗಂಟೆ, ಮೂರು ಸುತ್ತಿನ ತಿದ್ದುಪಡಿಗೆ ಇನ್ನೂ 30 ಗಂಟೆ ಹಿಡಿದರೆ ಗಂಟೆಗೆ ಸಿಕ್ಕದ್ದು 200 ರೂಪಾಯಿ ಮಾತ್ರ. ಒಂದೇ ಸುತ್ತಿನ ತಿದ್ದುಪಡಿ ಕೇಳುವ 9,000 ರೂಪಾಯಿಯ ಕೆಲಸವೊಂದು 36 ಗಂಟೆಯಲ್ಲಿ ಮುಗಿದರೆ ಗಂಟೆಗೆ 250 ರೂಪಾಯಿ ಸಿಗುತ್ತದೆ.

ಅನುವಾದದ ದರದಲ್ಲಿ ಕನ್ನಡಕ್ಕೇ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ವಿಭಕ್ತಿ, ಕಾಲ, ವಚನಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಸಾವಿರ ಪದಗಳು ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಹೀಗಾಗಿ ಅನುವಾದವಾದ ಕನ್ನಡದ ಪದಗಳನ್ನು ಎಣಿಸಿ ಹಣ ಕೊಡುವ ಒಪ್ಪಂದಕ್ಕೂ ಮೂಲದ ಇಂಗ್ಲಿಷ್ ಪದಗಳನ್ನು ಎಣಿಸಿ ಕೊಡುವ ಒಪ್ಪಂದಕ್ಕೂ ದರ ಒಂದೇ ಇದ್ದರೂ ಕೈಗೆ ಬರುವ ಹಣ ಒಂದೇ ಅಲ್ಲ. ಮೂಲದ ಪದಗಳನ್ನೇ ಎಣಿಸಬೇಕೆಂದು ಬಳಗದ ಎಲ್ಲರೂ ಮೊದಲ ಮಾತುಕತೆಯಲ್ಲೇ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವಾಗ ಲೆಕ್ಕ ತಿರುಗಿ ನಿಲ್ಲುತ್ತದೆಯಾದ್ದರಿಂದ ಅಲ್ಲಿ ಮೂಲದ ಪದಕ್ಕೆ ಹೆಚ್ಚಿನ ದರವನ್ನೇ ಕೇಳಬೇಕಾಗುತ್ತದೆ.

ಪಟ್ಟಿ ಆರು ತಿಂಗಳು ಬೆಳೆದ ಮೇಲೆ, ಯಾವ ಬಗೆಯ ಕೆಲಸಕ್ಕೆ ಸಾಮಾನ್ಯವಾಗಿ ಎಷ್ಟು ಸಿಗುತ್ತದೆ, ಯಾರು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ ಎಂಬ ತಿಳಿವಳಿಕೆ ಬಳಗದ ಹೊಸಬರಿಗೂ ಸಿಗುತ್ತದೆ. ಇದರಿಂದ ದರದ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ‘ಎಷ್ಟಾದರೂ ಕೊಡಿ ಸರ್’ ಎನ್ನುತ್ತಿದ್ದವರು ‘ಈ ಬಗೆಯ ಕೆಲಸಕ್ಕೆ ನಾನು ಮೂಲದ ಪದಕ್ಕೆ ಇಷ್ಟು ತೆಗೆದುಕೊಳ್ಳುತ್ತೇನೆ, ಒಂದು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿದೆ, ಅದಕ್ಕಿಂತ ಹೆಚ್ಚಿನ ಬದಲಾವಣೆಗೆ ಬೇರೆ ಬಿಲ್ಲು ಆಗುತ್ತದೆ’ ಎಂದು ನಯವಾಗಿ, ಅಳುಕಿಲ್ಲದೆ ಹೇಳುತ್ತಾರೆ. ಎಲ್ಲರೂ ಒಂದೇ ದರ ಹೇಳಬೇಕೆಂಬ ಕಟ್ಟಳೆ ಮಾತ್ರ ಬೇಡ. ಅನುಭವ, ವೇಗ, ವಿಷಯಜ್ಞಾನಗಳಿಗೆ ತಕ್ಕಂತೆ ದರ ಬೇರೆಯಾಗುವುದು ಸಹಜ. ಬಿಟ್ಟಿಯಾಗಿ ಮಾದರಿ ಬರೆದುಕೊಡಿ ಎನ್ನುವವರ ವಿಷಯದಲ್ಲಿ ಒಂದು ಮಿತಿ ಇಟ್ಟುಕೊಳ್ಳುವುದು ಒಳ್ಳೆಯದು: ಇನ್ನೂರೈವತ್ತು ಮುನ್ನೂರು ಪದಗಳ ಪರೀಕ್ಷಾ ಅನುವಾದ ಒಪ್ಪತಕ್ಕದ್ದೇ, ಇಡೀ ಎಪಿಸೋಡನ್ನು ಬರೆದುಕೊಟ್ಟು ಆಮೇಲೆ ನೋಡೋಣ ಎನ್ನಿಸಿಕೊಳ್ಳುವುದು ಒಪ್ಪತಕ್ಕದ್ದಲ್ಲ.

ಒಬ್ಬರ ಕರಡನ್ನು ಇನ್ನೊಬ್ಬರು ಓದುವುದು

ಕರಡು ಕಳಿಸುವವರು ‘ಹೇಗಿದೆ ನೋಡಿ’ ಎಂದಷ್ಟೇ ಬರೆದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಏನನ್ನು ನೋಡಬೇಕೆಂದು ಕೇಳಿ. ಆರಂಭದ ಎರಡು ಪ್ಯಾರಾ ಇಲ್ಲದೆಯೂ ಲೇಖನ ನಿಲ್ಲುತ್ತದೆಯೇ, ಮೂಲ ಇಂಗ್ಲಿಷನ್ನು ಮುಚ್ಚಿಟ್ಟು ಓದಿದಾಗ ಎಲ್ಲಿ ಎಡವಿದಿರಿ, ಈ ಮಾತನ್ನು ಅರವತ್ತು ದಾಟಿದ ಹೆಂಗಸೊಬ್ಬರು ತಮ್ಮ ಸೊಸೆಗೆ ಹೇಳುತ್ತಾರೆಯೇ ಎಂಬಂಥ ಪ್ರಶ್ನೆಗಳಿಗೆ ಉಪಯುಕ್ತ ಉತ್ತರ ಬರುತ್ತದೆ. ಓದುವವರು ಮೂರು ದಿನದೊಳಗೆ ಉತ್ತರಿಸಬೇಕು, ಆಗದಿದ್ದರೆ ಮೊದಲ ದಿನವೇ ಆಗದೆಂದು ಹೇಳಬೇಕು. ಮತ್ತೊಂದು ನಿಯಮವನ್ನೂ ಬಿಗಿಯಾಗಿ ಪಾಲಿಸುವುದು ಒಳ್ಳೆಯದು: ಓದಿದವರು ಎಲ್ಲಿ ತೊಡಕಿದೆಯೆಂದು ಗುರುತು ಮಾಡಲಿ, ತಮ್ಮ ಶೈಲಿಯಲ್ಲಿ ತಿರುಗಿ ಬರೆಯುವುದು ಬೇಡ.

ಡಬ್ಬಿಂಗ್ ಸಂಭಾಷಣೆಗೆ ಜೊತೆಯವರ ನೆರವು ಅನಿವಾರ್ಯವೆಂದೇ ಹೇಳಬೇಕು. ತೆರೆಯ ಮೇಲಿನ ತುಟಿಯ ಚಲನೆಗೆ, ಪ, ಬ, ಮ ಗಳಲ್ಲಿ ತುಟಿ ಮುಚ್ಚುವ ಕ್ಷಣಕ್ಕೆ, ಪಾತ್ರ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಮಾತು ಹೊಂದಬೇಕು. ಹಿಂದಿ ವಾಕ್ಯ ಮುಗಿಯುವ ಹೊತ್ತಿಗೆ ಕನ್ನಡ ವಾಕ್ಯವೂ ಮುಗಿಯಬೇಕು. ಬರೆದವರೇ ಓದಿಕೊಂಡರೆ ಬೇಕಾದ ಕಡೆ ತಮಗರಿವಿಲ್ಲದೆ ವೇಗ ಹೆಚ್ಚಿಸಿ ಹೊಂದಿಸಿಬಿಡುತ್ತಾರೆ. ದೃಶ್ಯ ಓಡುತ್ತಿರುವಾಗ ಇನ್ನೊಬ್ಬರು ಗಟ್ಟಿಯಾಗಿ ಓದಿದರೆ ಎಲ್ಲಿ ಮಾತು ಉಳಿಯಿತು, ಎಲ್ಲಿ ಸಾಲದೆ ಹೋಯಿತು ಎಂಬುದು ತಕ್ಷಣ ಕೇಳಿಸುತ್ತದೆ. ಸಬ್‌ಟೈಟಲಿಗಾದರೆ ಕಿವಿಯ ಬದಲು ಕಣ್ಣು ಬೇಕು. ಎರಡು ಸಾಲಿನಲ್ಲಿ ಒತ್ತಕ್ಷರಗಳ ದೊಡ್ಡ ಪದಗಳನ್ನು ತುಂಬಿದರೆ ನೋಡುವವರು ಓದಿ ಮುಗಿಸುವ ಮೊದಲೇ ಸಾಲು ಮಾಯವಾಗಿರುತ್ತದೆ.

ಇನ್ನೊಂದು ಕೆಲಸವನ್ನು ಎಲ್ಲರೂ ಸಣ್ಣದೆಂದು ಬಿಡುತ್ತಾರೆ, ಅದರಿಂದಲೇ ಒಳ್ಳೆಯ ಹೆಸರು ಕೆಡುತ್ತದೆ. ನಾವು ಯುನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ ಬರೆಯುತ್ತೇವೆ. ಆದರೆ ಹಲವು ಮುದ್ರಣಾಲಯಗಳೂ ಪ್ರಕಾಶಕರೂ ಪುಟವಿನ್ಯಾಸಕ್ಕೆ ಇಂದಿಗೂ ನುಡಿ ಅಥವಾ ಶ್ರೀಲಿಪಿಯಂಥ ಹಳೆಯ ಫಾಂಟುಗಳನ್ನೇ ಬಳಸುತ್ತಾರೆ. ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರಗಳು ಒಡೆಯುತ್ತವೆ, ಉದ್ಧರಣ ಚಿಹ್ನೆಗಳು ಬೇರೆ ಅಕ್ಷರಗಳಾಗಿ ಕೂರುತ್ತವೆ, ಅಂಕಿಗಳು ಕೆಲವೊಮ್ಮೆ ಕನ್ನಡಕ್ಕೆ, ಕೆಲವೊಮ್ಮೆ ಇಂಗ್ಲಿಷಿಗೆ ತಿರುಗುತ್ತವೆ. ಬರೆದವರ ಕಣ್ಣು ತಾನು ಬರೆದದ್ದನ್ನೇ ಕಾಣುವುದರಿಂದ ಪರಿವರ್ತನೆಯ ನಂತರದ ಪ್ರೂಫನ್ನು ಬಳಗದ ಇನ್ನೊಬ್ಬರೇ ತಿದ್ದುವ ಪದ್ಧತಿ ಇಟ್ಟುಕೊಳ್ಳಿ.

ಕೆಲಸವನ್ನು ದಾಟಿಸುವುದು, ಹಂಚಿಕೊಳ್ಳುವುದು

ಕೈಯಲ್ಲಿ ಕೆಲಸ ತುಂಬಿರುವಾಗ ಹೊಸದನ್ನೂ ಒಪ್ಪಿಕೊಂಡು ತಡಮಾಡುವುದಕ್ಕಿಂತ ಬಳಗದವರ ಹೆಸರು ಹೇಳುವುದು ಎರಡೂ ಕಡೆಗೆ ಹಿತ. ಹೆಸರು ಹೇಳುವ ಮೊದಲು ಆ ವ್ಯಕ್ತಿಗೆ ಫೋನ್ ಮಾಡಿ ಬಿಡುವಿದೆಯೇ ಎಂದು ಕೇಳಿ, ದರ, ಗಡುವು, ವಿಷಯ ಮೂರನ್ನೂ ತಿಳಿಸಬೇಕು. ಕೆಲಸ ಕೊಡಿಸಿದ್ದಕ್ಕೆ ಕಮಿಷನ್ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಬೇಗನೆ ಏಳುತ್ತದೆ. ಹೆಸರು ಹೇಳಿ ಪಕ್ಕಕ್ಕೆ ಸರಿದರೆ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ನಾಳೆ ಅವರೂ ನಮ್ಮ ಹೆಸರನ್ನು ಹೇಳಬೇಕಾದವರು. ಆದರೆ ಕೆಲಸವನ್ನು ತನ್ನ ಹೆಸರಿನಲ್ಲೇ ಒಪ್ಪಿಕೊಂಡು, ಗ್ರಾಹಕರಿಗೆ ತಾನೇ ಹೊಣೆಯಾಗಿ, ಎಲ್ಲವನ್ನೂ ತಿದ್ದಿ ಒಪ್ಪಿಸುವವರು ಆ ಶ್ರಮಕ್ಕೆ ಪಾಲು ಪಡೆಯುವುದು ನ್ಯಾಯ, ಆ ಪಾಲು ಎಷ್ಟೆಂದು ಮೊದಲೇ ಎಲ್ಲರಿಗೂ ಹೇಳಿರಬೇಕಷ್ಟೆ.

ದೊಡ್ಡ ಅನುವಾದವೊಂದನ್ನು ಮೂವರು ಹಂಚಿಕೊಂಡರೆ ಒಂದೇ ಪುಸ್ತಕದಲ್ಲಿ ಒಬ್ಬರ ‘ಸ್ವಸಹಾಯ ಸಂಘ’ ಇನ್ನೊಬ್ಬರ ‘ಸ್ವಸಹಾಯ ಗುಂಪು’ ಆಗಿ, ಒಬ್ಬರು ಓದುಗರನ್ನು ‘ನೀವು’ ಎಂದರೆ ಇನ್ನೊಬ್ಬರು ‘ನೀನು’ ಎನ್ನುವ ಗೊಂದಲವಾಗುತ್ತದೆ. ಆರಂಭಿಸುವ ಮುನ್ನವೇ ಪದಪಟ್ಟಿ ಮಾಡಿ, ಅಂಕಿ, ದಿನಾಂಕ, ಸಂಕ್ಷೇಪಗಳನ್ನು ಹೇಗೆ ಬರೆಯಬೇಕೆಂದು ತೀರ್ಮಾನಿಸಿ, ಕೊನೆಯ ತಿದ್ದುಪಡಿಯನ್ನು ಒಬ್ಬರಿಗೇ ವಹಿಸಿ. ಆ ಒಬ್ಬರಿಗೆ ಅನುವಾದದ ಪಾಲನ್ನು ಕಡಿಮೆ ಕೊಡಿ, ಹಣವನ್ನು ಕಡಿಮೆ ಕೊಡಬೇಡಿ.

ಹಕ್ಕು ಮತ್ತು ಬಾಕಿ

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರನಲ್ಲದ ಬರಹಗಾರನೇ ತಾನು ಬರೆದದ್ದರ ಮೊದಲ ಒಡೆಯ. ಲಿಖಿತ ರೂಪದಲ್ಲಿ, ಸಹಿಯೊಂದಿಗೆ ಬಿಟ್ಟುಕೊಡದ ಹೊರತು ಹಕ್ಕು ಬೇರೆಯವರಿಗೆ ವರ್ಗವಾಗುವುದಿಲ್ಲ. ಒಪ್ಪಂದದಲ್ಲಿ ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆಯೇ ಹೇಳುತ್ತದೆ. ಒಪ್ಪಂದದ ಪತ್ರ ಬಂದಾಗ ಬಳಗದ ಇನ್ನಿಬ್ಬರು ಅದನ್ನು ಓದಿದ ಮೇಲೆಯೇ ಸಹಿ ಹಾಕುವ ಅಭ್ಯಾಸ ಬಹಳ ನಷ್ಟವನ್ನು ತಪ್ಪಿಸುತ್ತದೆ. ಹೆಸರು ಹಾಕುವುದು, ಆಡಿಯೋ ಹಕ್ಕು, ಬೇರೆ ಭಾಷೆಗೆ ಅನುವಾದಿಸುವ ಹಕ್ಕು, ಸಿನಿಮಾ ಅಥವಾ ಧಾರಾವಾಹಿ ಮಾಡುವ ಹಕ್ಕು, ಕೆಲಸ ನಡುವೆ ನಿಂತುಹೋದರೆ ಅಲ್ಲಿಯವರೆಗಿನ ಹಣ ಈ ಸಂಗತಿಗಳನ್ನು ವಿಶೇಷವಾಗಿ ನೋಡಿ. ಆಡಿಯೋ ಕಥೆಗಳಿಗೆ ಬರೆಯುವವರು ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬರೆದುಕೊಡುವ ಮುನ್ನ, ಆ ಪಾತ್ರಗಳನ್ನೇ ಇಟ್ಟುಕೊಂಡು ಮುಂದೆ ಕಾದಂಬರಿ ಬರೆಯುವ ಆಸೆ ತಮಗಿದೆಯೇ ಎಂದು ಕೇಳಿಕೊಳ್ಳಬೇಕು.

ಹಣ ತಡವಾಗುವುದು ಈ ವೃತ್ತಿಯ ನಿತ್ಯದ ಸಂಕಟ. ಇದಕ್ಕೆ ನಮ್ಮಲ್ಲಿ ಹೆಚ್ಚಿನವರು ಬಳಸದ ಒಂದು ದಾರಿಯಿದೆ. ಬರವಣಿಗೆ, ಅನುವಾದಗಳೂ ಸೇವಾ ಉದ್ಯಮವೇ ಆದ್ದರಿಂದ ಒಬ್ಬರೇ ಕೆಲಸ ಮಾಡುವವರೂ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಸೂಕ್ಷ್ಮ ಉದ್ಯಮವಾಗಿ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಒಪ್ಪಂದವೇನೇ ಇದ್ದರೂ ಇಂಥ ಉದ್ಯಮಕ್ಕೆ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ಆಗದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ, ಇಂಥ ಬಾಕಿಯ ದೂರುಗಳನ್ನು ವಿಚಾರಿಸುವ ಸೌಲಭ್ಯ ಮಂಡಳಿಗೆ ದೂರನ್ನೂ ಕೊಡಬಹುದು. ನೋಂದಣಿ ಕೆಲಸ ಒಪ್ಪಿಕೊಳ್ಳುವ ಮೊದಲೇ ಆಗಿರಬೇಕು. ದೂರು ಕೊಡುವ ಹಂತಕ್ಕೆ ಹೋಗದಿದ್ದರೂ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಬರೆದರೆ ಲೆಕ್ಕಪತ್ರ ವಿಭಾಗದವರು ಅದನ್ನು ಬೇರೆಯಾಗಿಯೇ ನೋಡುತ್ತಾರೆ. ಒಂದೇ ಸಂಸ್ಥೆ ಬಳಗದ ಮೂವರಿಗೆ ಬಾಕಿ ಉಳಿಸಿಕೊಂಡಿದ್ದರೆ ಮೂವರೂ ಸೇರಿ ವಿವರಗಳೊಂದಿಗೆ ಒಂದು ಸೌಜನ್ಯದ ಪತ್ರ ಬರೆಯಿರಿ. ಬೈಗುಳ, ಬೆದರಿಕೆ ಇರಕೂಡದು, ಬಿಲ್ಲಿನ ಸಂಖ್ಯೆ ಮತ್ತು ದಿನಾಂಕಗಳು ಸಾಕು.

ತೆರಿಗೆಯ ವಿಷಯವನ್ನು ಒಬ್ಬ ಲೆಕ್ಕಪರಿಶೋಧಕರ ಬಳಿ ಬಳಗವೆಲ್ಲ ಒಟ್ಟಿಗೆ ಹೋಗಿ ಕೇಳಿಕೊಂಡರೆ ಖರ್ಚೂ ಕಡಿಮೆ, ತಿಳಿವಳಿಕೆಯೂ ಒಂದೇ ಸಮನಾಗಿರುತ್ತದೆ. ವೃತ್ತಿ ಶುಲ್ಕವೆಂದು ಕೊಡುವ ಹಣದಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತಾರೆ; ತೆರಿಗೆಯ ಮಿತಿಗಿಂತ ಕಡಿಮೆ ಆದಾಯ ಇರುವವರು ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ವಾಪಸ್ಸು ಬರುತ್ತದೆ. ರಿಟರ್ನ್ ಸಲ್ಲಿಸದೆ ಈ ಹಣವನ್ನು ಬಿಟ್ಟುಬಿಡಬೇಡಿ.

ಬಳಗ ಉಳಿಯುವುದಕ್ಕೆ

ಮನಸ್ತಾಪ ಬರುವುದು ಮೂರು ಕಡೆಯಿಂದ: ಕಥೆಯ ಎಳೆಯೊಂದು ತನ್ನದೆಂಬ ಜಗಳ, ಕೊಡಿಸಿದ ಕೆಲಸವನ್ನು ಕೆಡಿಸಿದ್ದು, ಒಬ್ಬರೇ ಯಾವಾಗಲೂ ಪಡೆಯುವವರಾಗಿ ಉಳಿಯುವುದು. ಮೊದಲನೆಯದಕ್ಕೆ, ಚರ್ಚೆಗೆ ತಂದ ಎಳೆಯನ್ನು ತಂದವರು ಬಿಟ್ಟುಕೊಡುವವರೆಗೆ ಬೇರೆಯವರು ಮುಟ್ಟಬಾರದೆಂಬ ನಿಯಮ ಬೇಕು. ಎರಡನೆಯದಕ್ಕೆ, ಹೆಸರು ಹೇಳಿದವರು ನೇರವಾಗಿ ಕರೆದು ಮಾತನಾಡಬೇಕು, ಗುಂಪಿನಲ್ಲಿ ಅಲ್ಲ. ಮೂರನೆಯದು ಕಷ್ಟದ್ದು. ಮನೆಯ ಜವಾಬ್ದಾರಿ, ಬಾಣಂತನ, ಕಾಯಿಲೆ ಇರುವವರು ಕೆಲವು ತಿಂಗಳು ಓದಲಾಗದೆ ಇರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆದರೆ ಬಿಡುವಿದ್ದೂ ಯಾರ ಕರಡನ್ನೂ ಓದದವರಿಗೆ ವರ್ಷದ ಕೊನೆಯ ಸಭೆಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಎಲ್ಲರೂ ಹಣದ ಕೆಲಸದಲ್ಲಿ ಮುಳುಗಿ ಸ್ವಂತ ಬರವಣಿಗೆಯನ್ನು ಮರೆಯುವ ಅಪಾಯವೂ ಇದೆ. ತಿಂಗಳ ಒಂದು ಭೇಟಿಯನ್ನು ಸ್ವಂತ ಕಥೆ, ಪ್ರಬಂಧ, ಕವಿತೆಗಳಿಗೇ ಮೀಸಲಿಡಿ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ, ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪ್ರೋತ್ಸಾಹಧನ, ಮೊದಲ ಕಥಾಸಂಕಲನಗಳಿಗಾಗಿ ಛಂದ ಪುಸ್ತಕ ಪ್ರಕಾಶನ ನಡೆಸುವ ಹಸ್ತಪ್ರತಿ ಸ್ಪರ್ಧೆ ಇವುಗಳ ಪ್ರಕಟಣೆಯನ್ನು ಗಮನಿಸಿ ಉಳಿದವರಿಗೆ ತಿಳಿಸುವ ಕೆಲಸವನ್ನು ಒಬ್ಬರು ವಹಿಸಿಕೊಳ್ಳಲಿ. ಹಸ್ತಪ್ರತಿಯನ್ನು ಕಳಿಸುವ ಕೊನೆಯ ದಿನಕ್ಕಿಂತ ಒಂದು ತಿಂಗಳು ಮೊದಲೇ ಬಳಗದ ಓದಿಗೆ ಕೊಟ್ಟರೆ ತಿದ್ದಲು ಸಮಯ ಉಳಿಯುತ್ತದೆ.

ಎರಡನೆಯ ವರ್ಷದಿಂದ ಪ್ರತಿವರ್ಷ ಒಬ್ಬ ಹೊಸಬರನ್ನು ಸೇರಿಸಿಕೊಳ್ಳಿ. ಅವರಿಗೆ ಮೊದಲ ತಿಂಗಳೇ ದರದ ಪಟ್ಟಿಯನ್ನು ತೋರಿಸಿ, ಸಣ್ಣ ಕೆಲಸವೊಂದನ್ನು ಕೊಡಿಸಿ, ಅದರ ಕರಡನ್ನು ಗ್ರಾಹಕರಿಗೆ ಕಳಿಸುವ ಮೊದಲು ಬಳಗದ ಇಬ್ಬರು ಓದಿ, ಬಿಲ್ಲು ಬರೆಯುವಾಗ ಒಬ್ಬರು ಜೊತೆಗೆ ಕುಳಿತುಕೊಳ್ಳಿ.